ತೊಗರಿಬೇಳೆ ಡಬ್ಬಿಯಲ್ಲಿಟ್ಟ ಬಾಟಲಿ

ನನ್ನ ಮಗಳಿಗೆ ಎಚ್‌ಐವಿ ಇದೆ. ಬಸುರಿಯಾದಾಗ ರಕ್ತ ಪರೀಕ್ಷೆಯಲ್ಲಿ ತಿಳಿಯಿತು. ಅಳಿಯನಿಗೂ ಇದೆ, ಅವನ ಮನೆಯವರಿಗೆ ಗೊತ್ತಿಲ್ಲ. ಹೆರಿಗೆ ಕಲಬುರಗಿಯ ಆಸ್ಪತ್ರೆಯಲ್ಲಾಯಿತು, ಬಾಣಂತನ ಕಮಲಾಪುರದ ನಮ್ಮ ಮನೆಯಲ್ಲಿ. ಕೂಸಿಗೆ ರೋಗ ತಗಲದಂತೆ ದಿನಾ ಔಷಧಿ ಹಾಕಬೇಕು, ಎದೆಹಾಲು ಬಿಟ್ಟು ಮತ್ತೇನೂ ಕೊಡಬಾರದು ಎಂದು ಹೇಳಿ ಕಳಿಸಿದ್ದರು.

ಇದನ್ನೆಲ್ಲ ನೋಡಿಹೋಗಲು ಆಸ್ಪತ್ರೆಯ ಕಡೆಯಿಂದ ಒಬ್ಬ ಹೆಣ್ಣುಮಗಳು ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದಳು. ಅವಳಿಗೂ ಇದೇ ರೋಗ. ಅವಳ ಮಗಳಿಗೆ ತಗಲಿಲ್ಲ, ಶಾಲೆಗೆ ಹೋಗುತ್ತಾಳೆ. ಓಣಿಯವರು ಕೇಳಿದರೆ ಬಳೆ ಮಾರುವವಳು ಎನ್ನುತ್ತಿದ್ದೆ. ಮೊದಲ ದಿನ ಅವಳು ನೀರು ಕುಡಿದ ಲೋಟವನ್ನು ಹಿತ್ತಲಲ್ಲಿ ಬೇರೆ ಇಟ್ಟೆ. ನನ್ನ ಮಗಳು ಅದೇ ಲೋಟ ತೊಳೆದು ತಾನು ನೀರು ಕುಡಿದಳು. ನನ್ನ ಮುಖ ನೋಡಲಿಲ್ಲ.

ತೊಟ್ಟಿಲ ಕಾರ್ಯಕ್ಕೆ ಬೀಗರು ಬಂದು ಮೂರು ದಿನ ಉಳಿದರು. ಔಷಧಿ ಬಾಟಲಿ ಕಂಡರೆ ಕೇಳುತ್ತಾರೆಂದು ತೊಗರಿಬೇಳೆ ಡಬ್ಬಿಯಲ್ಲಿ ಹುಗಿದೆ. ಮಗಳ ಅತ್ತೆ ಬಾಣಂತಿಯ ಮಗ್ಗುಲು ಬಿಡಲಿಲ್ಲ.

“ಕೂಸಿಗಿ ಗುಟ್ಟಿ ಹಾಕಿಲ್ಲಂದ್ರ ಹೆಂಗ್ರೀ ಬೀಗತಿ? ಬಜಿ ಬೇರಿಗೂ ಕಂಜೂಸತನ ಮಾಡ್ತೀರೇನು?”

ಬಂದವರೆಲ್ಲ ನಕ್ಕರು. ನಾನೇ ಬಜೆ ತೇಯ್ದು ಗುಟ್ಟಿ ಮಾಡಿ ಕೂಸಿನ ಬಾಯಿಗಿಟ್ಟೆ. ಮೂರು ದಿನ ಗುಟ್ಟಿ ಬಿತ್ತು, ಔಷಧಿ ಬೀಳಲಿಲ್ಲ.

ಅವರು ಹೋದ ಮರುದಿನ ಆ ಹೆಣ್ಣುಮಗಳು ಬಂದು ಬಾಟಲಿಯನ್ನು ಬೆಳಕಿಗೆ ಹಿಡಿದಳು.

“ಅವ್ವಾ, ಇಷ್ಟ್ಯಾಕ ಉಳದದ?”

“ಮಂದಿ ಇದ್ರು. ಮುಚ್ಚಿಟ್ಟಿದ್ದೆ. ಮೂರ್ ದಿನ.”

“ಬ್ಯಾರೆ ಏನರ ಕುಡಿಸೀರೇನು?”

“ಗುಟ್ಟಿ.”

ಮಗಳು ಗೋಡೆಗೆ ಹಣೆ ಬಡಿದುಕೊಂಡಳು. ನಾನು ಅವಳ ಮೇಲೆಯೇ ಏರಿ ಹೋದೆ. “ನೀ ಯಾಕ ಬಾಯಿ ಬಿಡ್ಲಿಲ್ಲ?”

“ಯಾರ ಮುಂದ ಬಿಡ್ಲಿ? ಅತ್ತಿ ಮುಂದೇನು?”

ಆ ಹೆಣ್ಣುಮಗಳು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. “ನಮ್ಮತ್ತಿ ನನ್ನ ಗುಳಗಿ ಒಲ್ಯಾಗ ಹಾಕಿದ್ಳು. ಏಳ್ರಿ, ಕಲಬುರಗಿ ಬಸ್ ಹಿಡ್ಯೂಣು” ಎಂದಳು. ದಾರಿಯುದ್ದಕ್ಕೂ ಕೂಸು ಅವಳ ತೊಡೆಯ ಮೇಲಿತ್ತು. ಎತ್ತಿಕೊಳ್ಳಲು ನನಗೆ ಧೈರ್ಯವಾಗಲಿಲ್ಲ.

ಡಾಕ್ಟರು ಔಷಧಿ ಮತ್ತೆ ಶುರು ಮಾಡಿಸಿದರು. ಒಂದೂವರೆ ತಿಂಗಳಾದಾಗ, ರೋಗ ತಗಲಿದೆಯೇ ಎಂದು ನೋಡಲು, ಕೂಸಿನ ಹಿಮ್ಮಡಿ ಚುಚ್ಚಿ ಕಾರ್ಡಿನ ಮೇಲೆ ರಕ್ತ ಹಿಡಿದರು. ಔಷಧಿ ಇನ್ನೂ ಹಾಕಿ ಎಂದಿದ್ದಾರೆ.

ಈಗ ಬಾಟಲಿ ಪಡಸಾಲೆಯ ಗೂಡಿನಲ್ಲಿದೆ, ಬಂದವರಿಗೆ ಕಾಣುವಂತೆ. ದಿನಾ ಬೆಳಿಗ್ಗೆ ಆ ಹೆಣ್ಣುಮಗಳ ಫೋನು ಬರುತ್ತದೆ.

“ಹಾಕಿದ್ರೇನವ್ವಾ?”

“ಹಾಕೀನಿ. ರಿಪೋರ್ಟು?”

“ಇನ್ನಾ ಬಂದಿಲ್ರಿ.”

ಕೂಸು ಈಗ ಮುಖ ನೋಡಿ ನಗಲು ಕಲಿತಿದೆ. ನನ್ನನ್ನು ಕಂಡರೂ ನಗುತ್ತದೆ. ನಾನೇ ಎದ್ದು ಹಿತ್ತಲಿಗೆ ಹೋಗುತ್ತೇನೆ.