ಬಂಪರಿಗೆ ಕಚ್ಚಾ ಹೊಲಿಗೆ

ನಮ್ಮ ಯಜಮಾನರು ಜೀಪಿನ ಮುಂದಿನ ಬಂಪರನ್ನು ಬಿಡಿಬಿಡಿ ತಗಡುಗಳಾಗಿ ತರಿಸಿದ್ದರು. ಬೆಸುಗೆ ಹಾಕಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಅದು ಹೇಗೆ ಬಂಪರಾಗುತ್ತದೋ ನೋಡೋಣವೆಂದು ಹಿರಿಯೂರಿನ ವೆಲ್ಡಿಂಗ್ ಶಾಪಿಗೆ ನಾನೂ ಹೋದೆ.

ಅಲ್ಲಿಯ ವೆಲ್ಡರು, ಬೆಸುಗೆಯ ಕರೆಂಟು ತಗಲದಿರಲೆಂದು, ಮೊದಲು ಜೀಪಿನ ಬ್ಯಾಟರಿ ವೈರು ಬಿಚ್ಚಿದರು. ತಗಡುಗಳನ್ನು ಜೀಪಿಗೇ ಆನಿಸಿ ನಿಲ್ಲಿಸಿ, ತಗಡಿಗೆ ತಗಡು ಸೇರುವಲ್ಲಿ ಗೇಣಿಗೊಂದರಂತೆ ಬರೀ ಚುಕ್ಕಿ ಬೆಸುಗೆ ಇಟ್ಟರು.

"ಪೂರ್ತಿ ಹೊಡೀರಿ. ಇದೇನು ರಂಗೋಲಿನಾ?" ಎಂದರು ನಮ್ಮವರು.

"ಒಂದೇ ಸಲ ಹೊಡೆದ್ರೆ ಕಾವಿಗೆ ತಗಡು ಎಳ್ಕೊಂತೈತೆ ಸಾರ್. ಆಮೇಲೆ ತೂತಿಗೆ ಬೋಲ್ಟು ಕೂರಲ್ಲ. ಅಷ್ಟೂ ಗುಜರಿಗೇ."

ನಮ್ಮವರ ಮುಖ ಸಣ್ಣಗಾಯಿತು. ನನಗೆ ಮಾತ್ರ ಇದು ಗೊತ್ತಿದ್ದ ವಿದ್ಯೆ ಅನ್ನಿಸಿತು.

"ರವಿಕೆಗೆ ಕಚ್ಚಾ ಹೊಲಿಗೆ ಹಾಕಿ ಅಳತೆ ನೋಡ್ತೀವಲ್ಲ, ಹಂಗೇನಣ್ಣಾ?"

"ಹಂಗೇ ಕಣಕ್ಕ. ತಪ್ಪಿದ್ರೆ ಈಗ್ಲೇ ಹೇಳ್ರಿ."

ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. "ಎಡಗಡೆ ಒಂದು ಬೆರಳು ಜೋತೈತೆ."

ಟೇಪು ಹಿಡಿದರು, ನಿಜ. ಎರಡು ಚುಕ್ಕಿ ಕೊಯ್ದು, ಎತ್ತಿ, ಮತ್ತೆ ಇಟ್ಟರು. ಆಮೇಲೆ ಬಂಪರನ್ನು ಕೆಳಗಿಳಿಸಿ, ಅಲ್ಲೊಂದು ಗೇಣು ಇಲ್ಲೊಂದು ಗೇಣು ಬೆಸೆಯುತ್ತಾ, ನಡುನಡುವೆ ಆರಲು ಬಿಡುತ್ತಾ ಮುಗಿಸುವ ಹೊತ್ತಿಗೆ ಎರಡು ಸಲ ಚಹಾ ಆಯಿತು.

ತಣ್ಣಗಾದದ್ದನ್ನು ಎತ್ತಿ ಜೀಪಿಗಿಟ್ಟಾಗ ಯಜಮಾನರು ಮೊದಲ ಬೋಲ್ಟನ್ನು ತಾವೇ ತೂರಿಸಿದರು. ಅದು ಸ್ಪ್ಯಾನರನ್ನು ಕೇಳದೆ ಬೆರಳಲ್ಲೇ ತಿರುಗಿ ಒಳಗೆ ಹೋಯಿತು.