ಎಫ್ ಕೀ ಮತ್ತು ಅಕ್ಕನ ಒತ್ತು

ನನ್ನ ಮೇಜಿನ ಮೇಲಿರುವ ಕೀಬೋರ್ಡನ್ನು ನಾನು ಇಷ್ಟಪಟ್ಟು ಕೊಂಡದ್ದಲ್ಲ, ಬೇರೆಯವರನ್ನು ಹಂಗಿಸಲು ಕೊಂಡದ್ದು. ಆಗ ನಾವು ಆಸ್ಟಿನ್‌ನಲ್ಲಿದ್ದೆವು. ಆಫೀಸು ದ ಡೊಮೇನ್ ಎಂಬ ಮಾಲ್ ಪಕ್ಕದಲ್ಲಿತ್ತು. ನನ್ನ ಸಾಲಿನಲ್ಲಿ ಕೂರುತ್ತಿದ್ದವರೆಲ್ಲ ನನಗಿಂತ ಹದಿನೈದು ವರ್ಷ ಚಿಕ್ಕವರು. ಅವರ ಪಾಲಿಗೆ ಕೀಬೋರ್ಡ್ ಟೈಪ್ ಮಾಡುವ ವಸ್ತುವಲ್ಲ, ಸಾಕುವ ಪ್ರಾಣಿ. ಕೀಗಳನ್ನು ಒಂದೊಂದಾಗಿ ಕಿತ್ತು, ಸಣ್ಣ ಬ್ರಶ್ಶಿನಿಂದ ಒಳಗೆ ಎಣ್ಣೆ ಸವರಿ, ಮತ್ತೆ ಕೂಡಿಸಿ, ಕಣ್ಣು ಮುಚ್ಚಿಕೊಂಡು ಅದರ ಸದ್ದು ಕೇಳುತ್ತಿದ್ದರು. ಅವರಲ್ಲೊಬ್ಬ ಒಮ್ಮೆ ನನ್ನನ್ನು ಕರೆದು ತನ್ನದನ್ನು ಒತ್ತಿ ನೋಡಲು ಹೇಳಿದ. ಒತ್ತಿದೆ. ಸೌಂಡ್ ಹೇಗಿದೆ ಎಂದ. ಬಚ್ಚಲುಮನೆ ಬೋಲ್ಟ್ ಹಾಕಿದ ಹಾಗಿದೆ ಎಂದೆ. ಅವನ ಮುಖ ಸಣ್ಣದಾಯಿತು. ನನಗೆ ಆ ದಿನವೆಲ್ಲ ಖುಷಿಯಾಗಿತ್ತು.

ಇಷ್ಟಕ್ಕೇ ಸುಮ್ಮನಾಗದೆ, ಇವರಿಗೊಂದು ಪಾಠವಾಗಲಿ ಎಂದು ನಾನೂ ಒಂದನ್ನು ತರಿಸಿದೆ. ಆನ್‌ಲೈನ್‌ನಲ್ಲಿ ಹುಡುಕಿ, ಯಾರೂ ಹೆಸರು ಕೇಳಿರದ ಕಂಪನಿಯ, ಎಲ್ಲಕ್ಕಿಂತ ಅಗ್ಗದ ಮೆಕ್ಯಾನಿಕಲ್ ಗೇಮಿಂಗ್ ಕೀಬೋರ್ಡನ್ನೇ ಆರಿಸಿದೆ. ಜೀವಮಾನದಲ್ಲಿ ನಾನು ಕಂಪ್ಯೂಟರಿನಲ್ಲಿ ಆಡಿದ್ದು ಇಸ್ಪೀಟು ಮಾತ್ರ. ಡಬ್ಬಿಯ ಮೇಲೆ ಕೆಂಪು ಕಣ್ಣಿನ ಮೃಗವೊಂದು ಬಾಯಿ ಕಳೆದು ನಿಂತಿತ್ತು. ತೋಳವೋ ಹಂದಿಯೋ, ಬರೆದವನಿಗೇ ಗೊತ್ತಿದ್ದಂತಿರಲಿಲ್ಲ. ತಂತಿ ಸಿಕ್ಕಿಸಿದ್ದೇ ತಡ, ಕೀಗಳ ಅಡಿಯಿಂದ ಕೆಂಪು, ಹಸಿರು, ನೇರಳೆ ದೀಪಗಳು ಓಡಾಡತೊಡಗಿದವು. ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ ಇದಕ್ಕಿಂತ ಮರ್ಯಾದಸ್ತ. ದೀಪ ಆರಿಸಲು ಮೂರು ಕೀ ಒಟ್ಟಿಗೆ ಒತ್ತಬೇಕಂತೆ. ಯಾವ ಮೂರು? ಕೈಪಿಡಿ ಬರೆದವನಿಗೆ ಇಂಗ್ಲಿಷೂ ಬರುತ್ತಿರಲಿಲ್ಲ, ಬಹುಶಃ ಎಣಿಕೆಯೂ ಬರುತ್ತಿರಲಿಲ್ಲ. ಮೂರು ವರ್ಷವಾದರೂ ಆ ದೀಪ ಆರಿಲ್ಲ.

ಒಳಗಿರುವುದು ನೀಲಿ ಸ್ವಿಚ್. ಅಂದರೆ ಒಂದು ಸಲ ಒತ್ತಿದರೆ ಎರಡು ಸಲ ಸದ್ದು ಮಾಡುವಂಥದ್ದು, ಇಳಿಯುವಾಗ ಒಮ್ಮೆ, ಏಳುವಾಗ ಒಮ್ಮೆ. ನಾವು ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ಶಿಫ್ಟ್ ಆದ ಮೇಲೆ ನಾನು ಮನೆಯಿಂದಲೇ ಕೆಲಸ ಮಾಡತೊಡಗಿದೆ. ಮನೆಯ ಗೋಡೆಗಳೋ ರಟ್ಟಿನಿಂದ ಮಾಡಿದಂಥವು. ನನ್ನ ಹೆಂಡತಿ ಧಾರವಾಡದವಳು, ಅವಳ ಬಾಯಿಗೆ ಬೀಗವಿಲ್ಲ. ಮೊದಲ ದಿನವೇ ಬಾಗಿಲಲ್ಲಿ ನಿಂತು, "ಏನ್ರೀ, ಮೀಟಿಂಗ್ ಮಾಡಾಕತ್ತೀರೋ, ಶೇಂಗಾ ಒಡಿಯಾಕತ್ತೀರೋ?" ಎಂದಳು.

ಆದರೆ ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಈ ದರಿದ್ರ ಕೀಬೋರ್ಡಿನಲ್ಲಿ ಯಾರನ್ನಾದರೂ ಬೈದು ಬರೆದರೆ ನಿಜವಾಗಿಯೂ ಬೈದ ಸುಖ ಸಿಗುತ್ತಿತ್ತು. ಮೆತ್ತಗಿನ ಲ್ಯಾಪ್‌ಟಾಪ್ ಕೀಗಳ ಮೇಲೆ ಕೊಂಕು ನುಡಿದರೆ ಪಿಸುಗುಟ್ಟಿದಂತಾಗುತ್ತದೆ. ಇದರಲ್ಲಿ ಪ್ರತಿ ಅಕ್ಷರಕ್ಕೂ ಟಕ್ ಟಕ್ ಎಂದು ಹೌದು ಹೌದು ಅನ್ನುವ ಸದ್ದು. ನಾನು ಹೇಳುತ್ತಿರುವುದು ಸರಿ ಎಂಬ ಧೈರ್ಯವನ್ನು ಅದು ಪುಕ್ಕಟೆಯಾಗಿ ಕೊಡುತ್ತಿತ್ತು.

ಆ ಧೈರ್ಯ ನನಗೆ ಬೇಕಾಗುತ್ತಿದ್ದುದು ಸ್ಮರಣ ಸಂಚಿಕೆಯ ಕೆಲಸಕ್ಕೆ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡಿಗರು ಸೇರಿ ರಾಜ್ಯೋತ್ಸವಕ್ಕೆ ಒಂದು ಸಂಚಿಕೆ ತರುತ್ತಾರೆ. ಅದಕ್ಕೆ ನಾನು ಸಂಪಾದಕ. ಬೇರೆ ಯಾರೂ ಒಪ್ಪದ್ದರಿಂದ ಆದದ್ದು, ಆದರೆ ಆದ ಮೇಲೆ ಬಿಟ್ಟುಕೊಡಲಿಲ್ಲ. ಬರುವ ಲೇಖನಗಳೋ, ದೇವರೇ ಗತಿ. ಪ್ರತಿ ವರ್ಷ ಇಬ್ಬರಾದರೂ ತಮ್ಮ ಮೊದಲ ವಿಮಾನ ಪ್ರಯಾಣ ಬರೆಯುತ್ತಾರೆ. ಫ್ಲವರ್ ಮೌಂಡ್ ಎಂಬ ಊರಿನಿಂದ ಒಬ್ಬರು ತಮ್ಮ ಹಿತ್ತಲಿನ ಕರಿಬೇವಿನ ಗಿಡದ ಮೇಲೆ ಸತತವಾಗಿ ಕವನ ಕಳಿಸುತ್ತಾರೆ. ಗಿಡ ಚಳಿಗೆ ಸತ್ತ ವರ್ಷವಾದರೂ ನಿಂತೀತು ಎಂದುಕೊಂಡರೆ ಶೋಕಗೀತೆ ಬಂತು. ಇವರೆಲ್ಲರ ಕನ್ನಡವನ್ನು ನಾನು ತಿದ್ದುತ್ತಿದ್ದೆ. ತಿದ್ದುವುದಕ್ಕಿಂತ ಹೆಚ್ಚಾಗಿ ಗೇಲಿ ಮಾಡುತ್ತಿದ್ದೆ.

ನನ್ನ ಅಕ್ಕ ಹ್ಯೂಸ್ಟನ್‌ನಲ್ಲಿದ್ದಾಳೆ. ನನಗಿಂತ ನಾಲ್ಕು ವರ್ಷ ದೊಡ್ಡವಳು. ಮೈಸೂರಿನಲ್ಲಿ ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಒತ್ತಕ್ಷರ ಬರೆಯಲು ಬರದೆ ಅಳುತ್ತಿದ್ದೆ. ಅವಳು ನನ್ನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದ್ದಳು. ತಲೆಗೆ ಒಂದು ಮೊಟಕಿ, "ಮೇಲೆ ಒಂದು ಕ, ಕೆಳಗೆ ಅದರ ಒತ್ತು. ಜೊತೆ ಬಿಡಬಾರದು" ಎನ್ನುತ್ತಿದ್ದಳು. ಅಂಥವಳು ಹೋದ ವರ್ಷ, ಮೊದಲ ಬಾರಿಗೆ, ಸಂಚಿಕೆಗೆಂದು ಒಂದು ಪುಟ ಕಳಿಸಿದಳು. ಐವತ್ತು ದಾಟಿದ ಮೇಲೆ ಇಂಡಿಯನ್ ಅಂಗಡಿಯೊಂದರ ಪಾರ್ಕಿಂಗ್ ಲಾಟಿನಲ್ಲಿ ಡ್ರೈವಿಂಗ್ ಕಲಿತ ಕಥೆ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುತ್ತಾಳೆ, ಹಾಗಾಗಿ ತಪ್ಪುಗಳು ಬೇಕಾದಷ್ಟಿದ್ದವು. ಹೆದರಿ ಬ್ರೇಕ್ ಮೇಲೆ ಕಾಲು ಇಟ್ಟೆ ಎಂದು ಬರೆಯುವಲ್ಲಿ ಕಾಳು ಇಟ್ಟೆ ಎಂದಾಗಿತ್ತು.

ಫೋನ್ ಮಾಡಿ ಹೇಳಿದ್ದರೆ ಮುಗಿಯುತ್ತಿತ್ತು. ನಾನು ತಪ್ಪುಗಳಿಗೆಲ್ಲ ಕೆಂಪು ಬಣ್ಣ ಬಳಿದು ಆ ಪುಟವನ್ನು ಸಮಿತಿಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ಕೆಳಗೆ ಹೀಗೆ ಬರೆದೆ: "ಇದು ನಮ್ಮಕ್ಕನ ಕನ್ನಡ. ಬ್ರೇಕ್ ಮೇಲೆ ಕಾಳು ಇಟ್ಟಳಂತೆ. ಹೆಸರುಕಾಳೋ ಹುರುಳಿಕಾಳೋ ತಿಳಿಸಿಲ್ಲ." ಅಕ್ಕನೂ ಆ ಗ್ರೂಪಿನಲ್ಲಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಎಂಟರ್ ಒತ್ತಿದೆ. ಆ ಟಕ್ ಸದ್ದು ಇನ್ನೂ ಕಿವಿಯಲ್ಲಿದೆ.

ನಗುವ ಮುಖಗಳು ಸಾಲಾಗಿ ಬಂದು ಬಿದ್ದವು. ಪಕ್ಕದಲ್ಲಿ ಕೂತಿದ್ದ ಮಗಳು ನನ್ನಿಂದ ಓದಿಸಿಕೊಂಡು, "ಅಪ್ಪ, ದಟ್ ವಾಸ್ ಸೋ ಮೀನ್" ಎಂದಳು. ಇದರಲ್ಲಿ ಮೀನು ಎಲ್ಲಿಂದ ಬಂತು ಎಂದು ಅವಳನ್ನೂ ಗೇಲಿ ಮಾಡಿದೆ. ಸ್ವಲ್ಪ ಹೊತ್ತಿನ ಮೇಲೆ ಅಕ್ಕ "ಆಗಲಿ" ಎಂದಷ್ಟೇ ಬರೆದು ಗ್ರೂಪ್ ಬಿಟ್ಟಳು. ಅವತ್ತಿನಿಂದ ನನ್ನ ಫೋನನ್ನೂ ಎತ್ತಲಿಲ್ಲ. ಇಷ್ಟು ಸಣ್ಣದಕ್ಕೆ ಮುನಿಸಿಕೊಳ್ಳುವವರ ಜೊತೆ ಏನು ಮಾತು ಎಂದು ನಾನೂ ಸುಮ್ಮನಾದೆ. ಅವಳ ಲೇಖನವಿಲ್ಲದೆಯೇ ಸಂಚಿಕೆ ಬಂತು.

ಈ ವರ್ಷ ಗೌರಿ ಹಬ್ಬಕ್ಕೆ ನನ್ನ ಹೆಂಡತಿ ಎಂದಿನಂತೆ ನನ್ನ ಹೆಸರಿನಲ್ಲಿ ಅಕ್ಕನಿಗೆ ಬಾಗಿನ ಕಳಿಸಿದಳು. ಬಳೆ, ಕುಪ್ಪಸದ ಕಣ, ಅರಿಶಿನ, ಕುಂಕುಮ. ಪಾರ್ಸೆಲ್ ಬಿಚ್ಚದೆಯೇ ವಾಪಸ್ ಬಂತು. ಫೋನು ಎತ್ತದಿರುವುದು ಬೇರೆ, ತವರಿನ ಬಾಗಿನ ಹಿಂದಕ್ಕೆ ಕಳಿಸುವುದು ಬೇರೆ. ತಮ್ಮನೇ ಇಲ್ಲ ಎಂದಂತೆ ಅದು. ಆ ಪಾರ್ಸೆಲ್ ಒಂದು ತಿಂಗಳಿಗೂ ಮೇಲೆ ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಿತ್ತು. ಹೋಗುವಾಗ ಬರುವಾಗ ನಾನು ಬೇರೆ ಕಡೆ ನೋಡುತ್ತಿದ್ದೆ. ಬಾಯಲ್ಲಿ ಮಾತ್ರ, "ಅವಳಿಗೆ ಅಷ್ಟು ಕೊಬ್ಬಿದ್ದರೆ ನನಗೇನಂತೆ" ಎನ್ನುತ್ತಿದ್ದೆ. ಕೊನೆಗೆ ಆಯುಧಪೂಜೆ ಕಳೆದ ಮೇಲೆ ಒಂದು ಭಾನುವಾರ ಹೆಂಡತಿ, "ಇನ್ನ ನಾ ಏನೂ ಕಳ್ಸಂಗಿಲ್ಲ ನೋಡ್ರಿ. ಬಾಯಿ ಹಚ್ಚಿದವ್ರು ನೀವು. ನೀವ ಬರೀರಿ" ಎಂದು ಪಾರ್ಸೆಲ್ಲನ್ನು ತಂದು ನನ್ನ ಕೀಬೋರ್ಡಿನ ಮೇಲೆಯೇ ಇಟ್ಟಳು.

ಬರೆಯಲು ಕೂತೆ. ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಕಲಿತ ಕನ್ನಡ ಟೈಪಿಂಗಿನಲ್ಲಿ ಒತ್ತಕ್ಷರವೆಲ್ಲ ಎಫ್ ಕೀಯ ಕೈಯಲ್ಲಿದೆ. ಕ ಒತ್ತಿ, ಎಫ್ ಒತ್ತಿ, ಮತ್ತೆ ಕ ಒತ್ತಿದರೆ ಕ್ಕ. ಎಫ್ ಅನ್ನು ಎರಡು ಸಲ ಒತ್ತಿದರೆ ಎರಡೂ ಅಕ್ಷರ ಕೂಡದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಸಾಫ್ಟ್‌ವೇರ್ ಎಂಬಂಥ ಹೊರಗಿನ ಪದ ಬರೆಯಲು ಮಾಡಿಟ್ಟ ಸೌಕರ್ಯ ಅದು. ಕನ್ನಡದ ಪದಕ್ಕೆ ಅದು ಬೇಡ.

ಆ ಹೊತ್ತಿಗಾಗಲೇ ನನ್ನ ಕೀಬೋರ್ಡಿನ ಎಫ್ ತೊದಲತೊಡಗಿತ್ತು. ಒಮ್ಮೆ ಒತ್ತಿದರೆ ಕೆಲವು ಸಲ ಎರಡು ಬೀಳುತ್ತಿತ್ತು. ಆಫೀಸಿನ ಮೇಲ್‌ಗಳಲ್ಲಿ ಹೆಚ್ಚುವರಿ ಎಫ್ ಕಂಡರೆ ಅಳಿಸಿ, ಆ ಕಂಪನಿಯ ಮೂರು ತಲೆಮಾರನ್ನು ಬೈದು ಮುಂದೆ ಹೋಗುತ್ತಿದ್ದೆ. ಅಕ್ಕನ ಪತ್ರವನ್ನು ಮಾತ್ರ ಮತ್ತೆ ಓದಲಿಲ್ಲ. ಓದಿದರೆ ಕಳಿಸುವುದಿಲ್ಲ ಎಂದು ಗೊತ್ತಿತ್ತು. ಪರದೆಯ ಕಡೆ ನೋಡದೆ ಐದಾರು ಸಾಲು ಕುಟ್ಟಿ, ಮೇಲ್ ಕಳಿಸಿ, ಎದ್ದು ಕಾಫಿಗೆ ಹೋದೆ. ಬೇರೆಯವರ ತಪ್ಪು ಹುಡುಕಲು ಭೂತಗನ್ನಡಿ ಇಟ್ಟುಕೊಂಡಿದ್ದ ನಾನು ನನ್ನದನ್ನು ತಿರುಗಿಯೂ ನೋಡಲಿಲ್ಲ.

ಮಂಗಳವಾರ ಉತ್ತರ ಬಂತು. ಒಂದೇ ಒಂದು ಫೋಟೋ. ಅಕ್ಕ ನನ್ನ ಪತ್ರವನ್ನು ಪ್ರಿಂಟ್ ತೆಗೆದು, ಕೆಂಪು ಪೆನ್ನಿನಿಂದ ತಿದ್ದಿ, ಫೋಟೋ ಹೊಡೆದು ಕಳಿಸಿದ್ದಳು. ಮೊದಲ ಪದವೇ "ಅಕ್‌ಕ" ಎಂದಿತ್ತು. ಮುಂದೆ "ಸಿಟ್‌ಟು", "ಮಕ್‌ಕಳು", "ಕ್‌ಷಮಿಸು". ಎಲ್ಲದರ ಸುತ್ತ ಕೆಂಪು ಸುತ್ತು, ಪಕ್ಕದಲ್ಲಿ ದುಂಡಗೆ ಸರಿಯಾದ ರೂಪ. ಸ್ಲೇಟಿನ ಮೇಲೆ ಬರೆಯುತ್ತಿದ್ದ ಅದೇ ಕೈಬರಹ. ಪುಟದ ಕೆಳಗೆ ಬರೆದಿದ್ದಳು: "ಒತ್ತು ಕೊಡೋದನ್ನೇ ಮರ್ತಿದ್ದೀಯ. ಇನ್ನೊಂದ್ಸಲ ಬರ್ದು ಕಳ್ಸು."

ನನಗೆ ಉರಿದುಹೋಯಿತು. ಅವಳ ಮೇಲಲ್ಲ, ಕೀಬೋರ್ಡಿನ ಮೇಲೆ. ಕ್ಷಮೆ ಕೇಳುವ ಒಂದು ಪತ್ರವನ್ನೂ ನೆಟ್ಟಗೆ ಮುಟ್ಟಿಸಲಾರದ ಶನಿ! ವಾರಂಟಿ ಮುಗಿದು ಎಷ್ಟೋ ಕಾಲವಾಗಿದ್ದರೂ ಆ ಕಂಪನಿಗೆ ಖಾರವಾಗಿ ಒಂದು ಮೇಲ್ ಬರೆಯತೊಡಗಿದೆ. ಹೆಂಡತಿ ಸದ್ದು ಕೇಳಿ ಬಂದು, ಏನಾಯಿತೆಂದು ತಿಳಿದುಕೊಂಡು, ಡಬ್ಬಿಯ ಜೊತೆ ಬಂದಿದ್ದ ಪುಟ್ಟ ಇಕ್ಕಳದಿಂದ ಎಫ್ ಕೀಯ ಟೊಪ್ಪಿಯನ್ನು ಕಿತ್ತಳು. ಒಳಗೆ ಸ್ವಿಚ್ಚಿನ ಸುತ್ತ ಕೆಂಪಗೆ ಗಟ್ಟಿಯಾಗಿ ಏನೋ ಹೆಪ್ಪುಗಟ್ಟಿತ್ತು.

"ಕುಂಕುಮ ಐತಲ್ರೀ. ನೀವ ಹಚ್ಚಿದ್ದಲ್ಲೇನು?"

ನಾನೇ ಹಚ್ಚಿದ್ದು. ಆಯುಧಪೂಜೆಯ ದಿನ ಕಾರಿಗೆ, ಮಿಕ್ಸಿಗೆ, ಗ್ಯಾರೇಜಿನ ಸುತ್ತಿಗೆಗೆ ಹಚ್ಚಿದ ಮೇಲೆ ನೀರಲ್ಲಿ ಕಲಸಿದ ಗಂಧ ಕುಂಕುಮ ಉಳಿದಿತ್ತು. ಲ್ಯಾಪ್‌ಟಾಪ್ ಆಫೀಸಿನದು, ಅದಕ್ಕೆ ಬೇಡ ಎಂದು ಇದಕ್ಕೆ ಹಚ್ಚಿದೆ. ಒತ್ತು ಕೊಡುವ ಕೀ ಇದೇ ಅಲ್ಲವೇ ಎಂದು ದೊಡ್ಡ ಭಾಷಾಭಿಮಾನಿಯ ಹಾಗೆ ಎಫ್ ಮೇಲೆಯೇ ದಪ್ಪ ಬೊಟ್ಟಿಟ್ಟೆ. ಅದು ಅಂಚಿನಿಂದ ಒಳಗೆ ಇಳಿದಿತ್ತು. ಮೂರು ವರ್ಷ ಉಗಿಸಿಕೊಂಡು ಕೆಲಸ ಮಾಡಿದ ಅಗ್ಗದ ವಸ್ತು, ನಾನು ಮರ್ಯಾದೆ ಮಾಡಿದ ವಾರದಲ್ಲಿ ಕೆಟ್ಟಿತ್ತು. ಕಂಪನಿಗೆ ಬರೆದ ಮೇಲ್ ಅಳಿಸಿದೆ.

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಂಡತಿ ಅದನ್ನು ಒರೆಸುತ್ತಿದ್ದಾಗ ನಾನು ಅಕ್ಕನ ಫೋಟೋವನ್ನು ಮತ್ತೆ ತೆರೆದು ನೋಡಿದೆ. ನಡುವೆ ಒಂದು ತಿದ್ದುಪಡಿ ಮೊದಲು ಕಣ್ಣಿಗೆ ಬಿದ್ದಿರಲಿಲ್ಲ. "ನಿನಗೆ ಬೇಸರವಾಗಿದ್ದರೆ" ಎಂದು ನಾನು ಬರೆದಿದ್ದೆ. ಆ ಪದದಲ್ಲಿ ಎಫ್ ತೊದಲಿರಲಿಲ್ಲ, ಒತ್ತು ನೆಟ್ಟಗೆ ಕೂತಿತ್ತು. ಆದರೂ ಅಕ್ಕ "ಆಗಿದ್ದರೆ" ಎಂಬುದನ್ನು ಹೊಡೆದುಹಾಕಿ, ಮೇಲೆ "ಆಗಿದೆ" ಎಂದು ಬರೆದಿದ್ದಳು. ಇಡೀ ಪತ್ರದಲ್ಲಿ ಅದೊಂದು ಕಡೆ ಪೆನ್ನನ್ನು ಎರಡು ಸಲ ಎಳೆದ ಗುರುತಿತ್ತು. ಕಾಗದ ಸ್ವಲ್ಪ ಹರಿದಿತ್ತು.

ಆ ತಪ್ಪನ್ನು ಯಾವ ಸ್ವಿಚ್ಚಿನ ಮೇಲೂ ಹಾಕಲು ಬರುವಂತಿರಲಿಲ್ಲ. ನಾನು ನಾಚಿಕೆಯಿಂದ ಕುಗ್ಗಿಹೋದೆ.

ಕೀ ಒಣಗಿದ ಮೇಲೆ ಮತ್ತೆ ಬರೆದೆ. "ಅಕ್ಕ, ತಪ್ಪು ನನ್ನದು." ಮೂರೇ ಪದ, ಮೂರಕ್ಕೂ ಒತ್ತು ಬೇಕು, ಮೂರೂ ಸರಿಯಾಗಿ ಬಿದ್ದವು. ಹಾಸ್ಯಕ್ಕೆ ಬರೆದದ್ದು, ನೀನು ಹಾಗೆ ತಿಳಿಯಬಾರದಿತ್ತು ಎಂದೆಲ್ಲ ಮುಂದುವರಿಸಲು ಬೆರಳು ತುರಿಸುತ್ತಿತ್ತು. ತಡೆದುಕೊಂಡೆ. ನಾಲ್ಕು ಸಲ ಓದಿ ಕಳಿಸಿದೆ.

ಮರುದಿನ ಮಧ್ಯಾಹ್ನ ಅವಳ ಮೇಲ್ ಬಂತು. "ಈಗ ಸರಿ. ಬಾಗಿನ ನೀನೇ ತಗೊಂಡು ಬಾ. ಇದನ್ನ ಹೀಗೇ ಹಾಕು, ಮುಟ್ಟಬೇಡ." ಜೊತೆಯಲ್ಲಿ ಅದೇ ಪಾರ್ಕಿಂಗ್ ಲಾಟಿನ ಲೇಖನ. ಹೋದ ವರ್ಷದ ಒಂದು ತಪ್ಪನ್ನೂ ಅವಳು ಬದಲಿಸಿರಲಿಲ್ಲ. ಓದಿದೆ. ಕೆಂಪು ಬಣ್ಣವಿಲ್ಲದೆ ಅದನ್ನು ಓದಿದ್ದು ಅದೇ ಮೊದಲು. ಪಾರ್ಕಿಂಗ್ ಲಾಟಿನಲ್ಲಿ ಯಾರದೋ ತರಕಾರಿ ತುಂಬಿದ ತಳ್ಳುಗಾಡಿಗೆ ಗುದ್ದಿ, ಇಳಿದು, ಯಾರೂ ಬೈಯಲಿಲ್ಲವೆಂದು ಅವಳು ಅತ್ತ ಭಾಗವನ್ನು ಮತ್ತೊಮ್ಮೆ ಓದಿದೆ. ಶನಿವಾರ ನಾಲ್ಕು ಗಂಟೆ ಡ್ರೈವ್ ಮಾಡಿ ಹ್ಯೂಸ್ಟನ್‌ಗೆ ಹೋಗಿ ಬಾಗಿನ ಕೊಟ್ಟು ಬಂದೆ. ಲೇಖನವನ್ನು ಹಾಗೆಯೇ ಹಾಕಿದೆ.

ರಾಜ್ಯೋತ್ಸವದ ದಿನ ಸಂಚಿಕೆ ಹಂಚಿದರು. ಊಟದ ಸಾಲಿನಲ್ಲಿ ಹಿರಿಯ ಅಂಕಲ್ ಒಬ್ಬರು ಪುಟದ ಮೇಲೆ ಬೆರಳಿಟ್ಟುಕೊಂಡೇ ನನ್ನ ಬಳಿ ಬಂದರು.

"ಏನಪ್ಪಾ ಎಡಿಟರ್ರೇ, ಬ್ರೇಕ್ ಮೇಲೆ ಕಾಳು ಅಂತ ಬಿದ್ದಿದೆಯಲ್ಲ! ನೀವು ನೋಡ್ಲಿಲ್ವಾ?"

"ನೋಡಿದ್ದೀನಿ ಅಂಕಲ್" ಎಂದೆ.