ಸಾಯದಿದ್ದುದಕ್ಕೆ ಒಂದು ಪೇಟ

ಕಳೆದ ವಾರ ನನ್ನ ತಲೆಗೆ ಪೇಟ ಸುತ್ತಿದರು. ಶಾಲು ಹೊದಿಸಿದರು. ಹಣ್ಣಿನ ಬುಟ್ಟಿ ಕೊಟ್ಟರು. ನಾನು ಮಾಡಿದ ಸಾಧನೆ? ಕ್ಯಾನ್ಸರ್ ಬಂದರೂ ಸತ್ತಿಲ್ಲ.

ಜಿಲ್ಲೆಯ ಒಂದು ಆರೋಗ್ಯ ಸಮಿತಿಯಲ್ಲಿ ನಾನು ರೋಗಿಗಳ ಪ್ರತಿನಿಧಿ. ತಾಲ್ಲೂಕು ಆಸ್ಪತ್ರೆಗಳಿಗೆ ಯಾವ ಔಷಧ ಬೇಕೆಂದು ಹೇಳುವ ಸಭೆ. ನಮ್ಮೂರು ಇಂಡಿಯಿಂದ ಮೊದಲ ಬಸ್ಸಿಗೇ ಹೊರಟೆ. ಹೇಳಬೇಕಾದದ್ದು ಒಂದೇ: ಸಿಂದಗಿಯ ಆಸ್ಪತ್ರೆಯಲ್ಲಿ ನೋವು ತಗ್ಗಿಸುವ ಮಾರ್ಫಿನ್ ಗುಳಿಗೆ ಸಿಗಬೇಕು.

ಯಾಕೆ? ಸಿಂದಗಿ ಹತ್ತಿರದ ಆಲಮೇಲದ ಹುಸೇನಬಿಗಾಗಿ. ನಾನು ಪಿ.ಟಿ. ಮಾಸ್ತರನಾಗಿದ್ದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವರು. ಕ್ಯಾನ್ಸರ್ ಈಗ ಎಲುಬಿಗೆ ಇಳಿದಿದೆ. ನೋವಿನ ಗುಳಿಗೆ ತರಲು ಮಗಳು ಕೂಲಿ ಬಿಟ್ಟು ಸೊಲ್ಲಾಪುರಕ್ಕೆ ಓಡಬೇಕು. ಆಕೆ ಹೋಗಲಾಗದ ವಾರ ತಾಯಿ ಹಲ್ಲು ಕಚ್ಚಿ ಮಲಗಿರುತ್ತಾರೆ.

"ಮಾಸ್ತರ್ರ, ಬದುಕಸ್ರಿ ಅನ್ನಂಗಿಲ್ಲ. ಸುಮ್ಮ ಮಲಗೂವಷ್ಟು ಮಾಡಸ್ರಿ" ಎಂದಿದ್ದರು ಹುಸೇನಬಿ.

ಸಭೆ ತಡವಾಗಿ ಶುರುವಾಯಿತು. (ನನ್ನ ಶಾಲೆಯಾಗಿದ್ದರೆ ಎಲ್ಲರೂ ಮೈದಾನ ಸುತ್ತುತ್ತಿದ್ದರು.) ಮೊದಲು ಸನ್ಮಾನ. ಅದಿಲ್ಲದೆ ನಮ್ಮ ಕಡೆ ಯಾವ ಕೆಲಸ ಮುಂದೆ ಹೋದೀತು? ಆಮೇಲೆ ಮೈಕ್ ಕೊಟ್ಟರು. ಹುಸೇನಬಿಯ ಹೆಸರೆತ್ತುತ್ತಲೇ ನಿರೂಪಣೆಯ ಅಧಿಕಾರಿ ಕಿವಿಯ ಹತ್ತಿರ ಬಂದರು.

"ಸರ, ಸ್ವಲ್ಪ ಪಾಸಿಟಿವ್ ಮಾತಾಡ್ರಿ. ನೀವು ಹೆಂಗ ಗೆದ್ರಿ, ಅದನ್ನ ಹೇಳ್ರಿ."

ಗೆದ್ದೆನೇ? ನನ್ನ ಗಡ್ಡೆ ಬೇಗ ಗೊತ್ತಾಯಿತು. ಪಿಂಚಣಿ ಇತ್ತು. ಅಷ್ಟೆ. ಹಾಗೆಂದೇ ಹೇಳಿದೆ. ಮೈಕ್ ಕೈ ಬದಲಾಯಿತು.

"ಸನ್ಮಾನಿತರು ಚಹಾ ತಗೊಂಡು ಹೊರಡಬಹುದ್ರಿ."

"ನಾನು ಮೆಂಬರ್ ಅದೀನ್ರಿ" ಎಂದೆ.

"ಹೌದ್ರಿ ಸರ. ನಿಮ್ಮದು ಆತಲ್ರಿ?"

ನಾನು ಏಳಲಿಲ್ಲ. ಮಾರ್ಫಿನ್ ವಿಷಯ ಕೊನೆಗೆ ಬಂತು. "ತಾಲ್ಲೂಕಿನಿಂದ ಯಾರೂ ಕೇಳಿಲ್ಲ" ಎಂದರು. ಕೈಬಿಟ್ಟರು. ಬರೆದುಕೊಡಬೇಕಾದ ವೈದ್ಯರೇ ಇಲ್ಲದ ಕಡೆಯಿಂದ ಯಾರು ಕೇಳಬೇಕು?

ಕೈ ಎತ್ತಿದೆ. "ಕೇಳಾವ ಇಲ್ಲೇ ಕುಂತೀನ್ರಿ!"

ನಕ್ಕರು. ಜೋಕ್ ಅಂದುಕೊಂಡರು. ಪೇಟ ತೆಗೆದು ಮೇಜಿನ ಮೇಲಿಟ್ಟೆ. "ಇರ್ಲಿ ಇರ್ಲಿ ಸರ, ಗ್ರೂಪ್ ಫೋಟೊ ಐತಿ" ಎಂದು ಮತ್ತೆ ತಲೆಗೇರಿಸಿದರು.

ನಾನು ಊರು ಮುಟ್ಟುವ ಮೊದಲೇ ಆ ಫೋಟೊ ವಾಟ್ಸ್ಯಾಪ್‌ನಲ್ಲಿ ಆಲಮೇಲ ಮುಟ್ಟಿತ್ತು. ಬಸ್ಸಿನಲ್ಲಿರುವಾಗಲೇ ಹುಸೇನಬಿಯ ಫೋನು.

"ಮದುಮಗ ಕಂಡಂಗ ಕಾಣಾಕತ್ತೀರಿ ನೋಡ್ರಿ, ಮಾಸ್ತರ್ರ!" ಎಂದು ನಕ್ಕರು. ನಗು ನಡುವೆಯೇ ನರಳಾಟವಾಯಿತು. ಸುಧಾರಿಸಿಕೊಂಡು ಕೇಳಿದರು: "ಗುಳಿಗಿ ಯಾವಾಗ ಬರ್ತಾವ್ರಿ?"

ಯಾರೂ ಕೇಳಿಯೇ ಇಲ್ಲವಂತೆ ಎಂದು, ಕೇಳುತ್ತಿರುವವರಿಗೇ ಹೇಗೆ ಹೇಳಲಿ?